ಕೇಳಿಸೋದು ಸರಿಯಿದೆ, ರಿಫ್ಲೆಕ್ಸ್ ಮಾತ್ರ ‘ಇಲ್ಲ’ ಅಂತ ರಿಪೋರ್ಟ್. ಗಾಬರಿ ಪಡಬೇಕಾ?

ಪ್ರಶ್ನೆ: ನನಗೆ 29 ವರ್ಷ. ಕೆಲಸಕ್ಕೆ ಸೇರುವ ಮುಂಚೆ ಕಿವಿ ಪರೀಕ್ಷೆ ಮಾಡಿಸಿದರು. ಆಡಿಯೋಗ್ರಾಂ (ಎಷ್ಟು ಕೇಳಿಸುತ್ತದೆ ಅನ್ನುವ ಪರೀಕ್ಷೆ), ಟಿಂಪನೋಗ್ರಾಂ (ಕಿವಿ ತಮಟೆ ಎಷ್ಟು ಅಲುಗಾಡುತ್ತದೆ ಅನ್ನುವ ಪರೀಕ್ಷೆ) ಎರಡೂ ನಾರ್ಮಲ್. ರಿಫ್ಲೆಕ್ಸ್ ಪರೀಕ್ಷೆಯಲ್ಲಿ (ಜೋರು ಸದ್ದಿಗೆ ಕಿವಿಯೊಳಗಿನ ಸ್ನಾಯು ಬಿಗಿಯುತ್ತದಾ ಅಂತ ನೋಡುವುದು) ಮಾತ್ರ ಎರಡೂ ಕಿವಿಗೆ 4000 ಹರ್ಟ್ಸ್ (ಸದ್ದು ಎಷ್ಟು ಕೀರಲು ಅನ್ನುವ ಅಳತೆ) ಎದುರು ‘ಇಲ್ಲ’ ಅಂತಿದೆ. ಉಳಿದ ಕಡೆ 85, 90 ಡೆಸಿಬೆಲ್ (ಸದ್ದು ಎಷ್ಟು ಜೋರು ಅನ್ನುವ ಅಳತೆ) ಇದೆ. ನರದ ತೊಂದರೆ ಇರಬಹುದಾ?

ಉತ್ತರ: ನೀವು ಬರೆದಿರುವಷ್ಟನ್ನು ನೋಡಿದರೆ ಗಾಬರಿ ಪಡುವಂಥದ್ದು ಏನೂ ಇಲ್ಲ. ಕಿವಿ ಚೆನ್ನಾಗಿ ಕೇಳಿಸುವ ಎಷ್ಟೋ ಜನರಲ್ಲಿ 4000ಕ್ಕೆ ರಿಫ್ಲೆಕ್ಸ್ ಸಿಗುವುದೇ ಇಲ್ಲ. ನಾವು ಜಾಸ್ತಿ ನಂಬೋದು 500, 1000, 2000 ಈ ಮೂರನ್ನು.

ಕಿವಿ ತಮಟೆಯ ಹಿಂದೆ ಮೂರು ಪುಟ್ಟ ಮೂಳೆಗಳಿವೆ ಅಲ್ವಾ, ಅದರಲ್ಲಿ ಕೊನೆಯದಕ್ಕೆ ಸ್ಟೆಪೀಡಿಯಸ್ ಅನ್ನುವ ಸ್ನಾಯು ಅಂಟಿಕೊಂಡಿದೆ, ಉದ್ದ ಸುಮಾರು 6 ಮಿಲಿಮೀಟರ್ ಅಷ್ಟೆ. ಜೋರು ಸದ್ದು ಬಿದ್ದರೆ ಅದು ತಾನಾಗಿಯೇ ಬಿಗಿಯುತ್ತದೆ, ಇದೇ ರಿಫ್ಲೆಕ್ಸ್. ಒಂದು ಕಿವಿಗೆ ಸದ್ದು ಕೊಟ್ಟರೂ ಎರಡೂ ಕಡೆ ಬಿಗಿಯುತ್ತದೆ.

ಆ ಸ್ನಾಯುವನ್ನು ಯಂತ್ರ ನೇರವಾಗಿ ನೋಡುವುದಿಲ್ಲ. ಕಿವಿಗೆ ಇಟ್ಟ ಪುಟ್ಟ ಕೊಳವೆಯಂಥ ಪ್ರೋಬ್‌ನಿಂದ 226 ಹರ್ಟ್ಸ್‌ನ ಗುಂಯ್ ಸದ್ದು ಬರುತ್ತಲೇ ಇರುತ್ತದೆ, ಅದರ ಮೇಲೆ ಜೋರು ಬೀಪ್ ಕೊಡುತ್ತಾ 5 ಡೆಸಿಬೆಲ್‌ನಂತೆ ಏರಿಸುತ್ತಾ ಹೋಗುತ್ತಾರೆ, ಸ್ನಾಯು ಬಿಗಿದಾಗ ತಮಟೆ ಗಡುಸಾಗಿ ಪರದೆಯ ಮೇಲಿನ ಗೆರೆ ತುಸು ಕೆಳಗೆ ಬಾಗುತ್ತದೆ. ಸಾಮಾನ್ಯವಾಗಿ ಗೆರೆ (ತಮಟೆಯ ಅಲುಗಾಟವನ್ನು ಯಂತ್ರ ಮಿಲಿಲೀಟರ್ ಲೆಕ್ಕದಲ್ಲಿ ತೋರಿಸುತ್ತದೆ) 0.02 ಮಿಲಿಲೀಟರ್‌ನಷ್ಟು ಬದಲಾದರೆ, ಅದೂ ಮತ್ತೆ ಕೊಟ್ಟಾಗಲೂ ಬಂದರೆ, ರಿಫ್ಲೆಕ್ಸ್ ಇದೆ ಅಂತ ಲೆಕ್ಕ. ಆರೋಗ್ಯವಂತ ವಯಸ್ಕರಲ್ಲಿ ಇದು 70ರಿಂದ 100 ಡೆಸಿಬೆಲ್ ಒಳಗೆ ಸಿಗುತ್ತದೆ. ನಿಮ್ಮ 85, 90 ಒಳ್ಳೆಯ ಅಂಕಿಗಳೇ.

ಬದಲಾವಣೆ ಇಷ್ಟು ಚಿಕ್ಕದಾದ್ದರಿಂದ ಎಂಜಲು ನುಂಗಿದರೂ, ಮಾತಾಡಿದರೂ, ತಲೆ ಅಲ್ಲಾಡಿಸಿದರೂ ಗೆರೆ ಕೆಡುತ್ತದೆ. ಪ್ರೋಬ್ ಸಡಿಲ ಕೂತಿದ್ದರಂತೂ ಕೇಳಲೇಬೇಡಿ. ಗಡಿಬಿಡಿಯ ಕ್ಯಾಂಪಿನಲ್ಲಿ ಮಾಡಿದ ಪರೀಕ್ಷೆಯಲ್ಲಿ ‘ಇಲ್ಲ’ ಅಂತ ಬಂದರೆ ಇನ್ನೊಮ್ಮೆ ಸಮಾಧಾನವಾಗಿ ಮಾಡಿಸಿ ಅಂತಲೇ ನಾನು ಹೇಳೋದು.

ಒಂದೇ ಕಿವಿಯಲ್ಲಿ ಎಲ್ಲಾ ಹರ್ಟ್ಸ್‌ಗೂ ಸಿಗದೇ ಇದ್ದರೆ, ಅಥವಾ ಒಂದು ಕಡೆ ಮಂದ ಕೇಳಿಸುವುದು, ಗುಂಯ್‌ಗುಡುವುದು, ಮುಖ ವಾಲುವುದು ಇದ್ದರೆ ಮಾತ್ರ ಸುಮ್ನೆ ಕೂರಬೇಡಿ, ಇಎನ್‌ಟಿ ವೈದ್ಯರ ಹತ್ತಿರ ಹೋಗಿ. ಮುಖ ದಿಢೀರಂತ ವಾಲಿದರೆ ತಕ್ಷಣ ಆಸ್ಪತ್ರೆಗೇ ಹೋಗಬೇಕು. ಸ್ಟೆಪೀಡಿಯಸ್ಸನ್ನು ನಡೆಸುವುದೂ ಮುಖದ ನರವೇ.

ಮತ್ತೆ ಪರೀಕ್ಷೆ ಮಾಡಿಸುವಾಗ, ಜೋರು ಸದ್ದು ನಿಮಗೆ ತಡೆಯದಿದ್ದರೆ ಮೊದಲೇ ಹೇಳಿಬಿಡಿ. 4000ಕ್ಕೆ ಹೇಗಾದರೂ ಉತ್ತರ ಬರಿಸಲೇಬೇಕು ಅಂತ ಸದ್ದು ಏರಿಸುತ್ತಾ ಹೋಗುವ ಅಗತ್ಯ ಇಲ್ಲ.