ಬಿಸಿಯೂಟ ನೋಡಬೇಕಾದರೆ ಬೇಳೆ ಅಳೆಯುವ ಹೊತ್ತಿಗೆ ಹೋಗಿ

ನೀವು ಕೇಳಿರುವುದು: ಮಗಳು ಮಂಡ್ಯ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ 3ನೇ ತರಗತಿ, ಮನೆಗೆ ಬಂದು ‘ಸಾಂಬಾರು ಬರೀ ನೀರು, ಅನ್ನದಲ್ಲಿ ಪ್ಲಾಸ್ಟಿಕ್ ಅಕ್ಕಿ’ ಅನ್ನುತ್ತಾಳೆ; ಶಾಲೆಗೆ ಹೋದರೆ ಏನು ನೋಡಬೇಕು, ಯಾರನ್ನು ಕೇಳಬೇಕು?

ಸಾಮಾನ್ಯವಾಗಿ ಪೋಷಕರು ಊಟದ ಬೆಲ್ ಹೊಡೆಯುವ ಹೊತ್ತಿಗೆ ಹೋಗಿ ಒಂದು ತುತ್ತು ರುಚಿ ನೋಡಿ ಬರುತ್ತಾರೆ. ಅದರಿಂದ ತಿಳಿಯುವುದು ಉಪ್ಪು, ಹುಳಿ, ಖಾರ ಅಷ್ಟೇ. ತಟ್ಟೆಗೆ ಎಷ್ಟು ಬೇಳೆ ಬೀಳುತ್ತದೆ ಅನ್ನುವುದು ಬೆಳಿಗ್ಗೆ ಸಾಮಾನು ಅಳೆದು ಕೊಡುವಾಗಲೇ ತೀರ್ಮಾನವಾಗಿರುತ್ತದೆ. ಹಾಜರಿ ತೆಗೆದುಕೊಂಡ ಮೇಲೆ ಅಡುಗೆಯವರಿಗೆ ಸಾಮಾನು ಕೊಡುವ ಸಮಯಕ್ಕೆ ಹೋಗಿ. ಮುಖ್ಯ ಶಿಕ್ಷಕರಿಗೆ ಮೊದಲೇ ತಿಳಿಸಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೊಬ್ಬರನ್ನು ಜೊತೆಗೆ ಕರೆದುಕೊಂಡರೆ ಮಾತು ಜಗಳಕ್ಕೆ ತಿರುಗುವುದಿಲ್ಲ.

ಈ ಲೆಕ್ಕ ಬರೆದಿಟ್ಟುಕೊಳ್ಳಿ. 1ರಿಂದ 5ನೇ ತರಗತಿಯ ಒಂದು ಮಗುವಿಗೆ ದಿನಕ್ಕೆ ಅಕ್ಕಿ 100 ಗ್ರಾಂ, ಬೇಳೆ 20, ತರಕಾರಿ 50, ಎಣ್ಣೆ 5 ಗ್ರಾಂ. 6ರಿಂದ 8ನೇ ತರಗತಿಗೆ ಅಕ್ಕಿ 150, ಬೇಳೆ 30, ತರಕಾರಿ 75, ಎಣ್ಣೆ 7.5 ಗ್ರಾಂ. ಇದೆಲ್ಲ ಬೇಯಿಸುವ ಮುಂಚಿನ ತೂಕ. ಅವತ್ತು ಚಿಕ್ಕ ತರಗತಿಗಳಲ್ಲಿ 60, ದೊಡ್ಡ ತರಗತಿಗಳಲ್ಲಿ 20 ಮಕ್ಕಳು ಬಂದಿದ್ದರೆ ಅಕ್ಕಿ 9 ಕೆಜಿ, ಬೇಳೆ 1 ಕೆಜಿ 800 ಗ್ರಾಂ, ತರಕಾರಿ ನಾಲ್ಕೂವರೆ ಕೆಜಿ, ಎಣ್ಣೆ 450 ಗ್ರಾಂ ಆಗಬೇಕು. ತರಗತಿಯ ಹಾಜರಿ ಪುಸ್ತಕ, ದಾಸ್ತಾನು ವಹಿ, ಪಾತ್ರೆಗೆ ಬಿದ್ದ ಸಾಮಾನು ಮೂರೂ ಒಂದಕ್ಕೊಂದು ತಾಳೆಯಾಗುತ್ತವೆಯೇ ನೋಡಿ. ತೂಕ ಮಾಡದೆ ಲೋಟದಲ್ಲಿ ಅಳೆಯುತ್ತಿದ್ದರೆ ಆ ಲೋಟಕ್ಕೆ ಎಷ್ಟು ಗ್ರಾಂ ಹಿಡಿಯುತ್ತದೆ ಎಂದು ಒಮ್ಮೆ ತಕ್ಕಡಿಯಲ್ಲಿ ತೂಗಿ ನೋಡಿ. ಎಷ್ಟೋ ಕಡೆ ತಪ್ಪಿರುವುದು ಆ ಲೋಟದ ಅಂದಾಜಿನಲ್ಲೇ.

ಇನ್ನು ಸಾಂಬಾರು. ನೀರಾಗಿದೆ ಅಂದ ತಕ್ಷಣ ಬೇಳೆ ಕದ್ದರು ಅನ್ನಬೇಡಿ. ಬೇಳೆ ಪೂರ್ತಿ ಹಾಕಿದರೂ ಬೇಯದೆ ತಳ ಸೇರಿದರೆ ಮೇಲಿನ ಸೌಟಿಗೆ ತಿಳಿಯೇ ಬರುತ್ತದೆ. ಮೊದಲು ಕೂತ ಮಕ್ಕಳಿಗೆ ನೀರು, ಕೊನೆಯವರಿಗೆ ಗಟ್ಟಿ. ಬೇಳೆ ಬೇಯದಿರಲು ಸಾಮಾನ್ಯ ಕಾರಣ ಮೂರು. ಬೋರ್‌ವೆಲ್‌ನ ಗಡಸು ನೀರು, ತಿಂಗಳುಗಟ್ಟಲೆ ಗೋದಾಮಿನಲ್ಲಿ ಕೂತ ಹಳೇ ಬೇಳೆ, ಬೇಳೆ ಮೆತ್ತಗಾಗುವ ಮುಂಚೆಯೇ ಹುಣಸೆಹಣ್ಣು, ಟೊಮೆಟೊ ಹಾಕುವುದು. ಹುಳಿ ಮೊದಲೇ ಬಿದ್ದರೆ ಬೇಳೆ ಬಿರುಸಾಗಿಯೇ ಉಳಿಯುತ್ತದೆ. ಪಾತ್ರೆಯನ್ನು ತಳದಿಂದ ಕದಡಿಸಿ ಒಂದು ಸೌಟು ತೆಗೆಯಿರಿ, ಬೇಳೆಯನ್ನು ಎರಡು ಬೆರಳಲ್ಲಿ ಹಿಸುಕಿ. ಒಳಗೆ ಗಟ್ಟಿ ತಿರುಳು ಸಿಕ್ಕರೆ ಅದು ಬೇಯಿಸುವ ತೊಂದರೆ: ಬೇಳೆಯನ್ನು ಮೊದಲೇ ನೆನೆಸಿ, ಕುಡಿಯುವ ಸಿಹಿ ನೀರಲ್ಲಿ ಬೇಯಿಸಿ, ಹುಳಿಯನ್ನು ಕೊನೆಗೆ ಹಾಕಿದರೆ ಸರಿಹೋಗುತ್ತದೆ. ಬೇಳೆ ಕರಗಿಹೋಗಿದ್ದು, ತಳದಿಂದ ಕದಡಿದರೂ ಸಾಂಬಾರು ತಿಳಿಯಾಗಿದ್ದರೆ ಹಾಕಿದ ಬೇಳೆಯೇ ಕಡಿಮೆ. ಆಗ ವಹಿ ತೆಗೆಸಿ.

‘ಪ್ಲಾಸ್ಟಿಕ್ ಅಕ್ಕಿ’ ಪ್ಲಾಸ್ಟಿಕ್ ಅಲ್ಲ, ಸಾರವರ್ಧಿತ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಸೇರಿಸಿ ಅಕ್ಕಿಯ ಆಕಾರಕ್ಕೆ ಒತ್ತಿ, ಸುಮಾರು ನೂರು ಕಾಳಿಗೆ ಒಂದರಂತೆ ಬೆರೆಸುತ್ತಾರೆ. ಬಣ್ಣ ಸ್ವಲ್ಪ ಬೇರೆ, ತೊಳೆಯುವಾಗ ಕೆಲವು ತೇಲುತ್ತವೆ. ಆರಿಸಿ ಎಸೆದರೆ ಅಥವಾ ಗಂಜಿ ಬಸಿದು ಚೆಲ್ಲಿದರೆ ಮಗುವಿಗೆ ಸೇರಬೇಕಾದ ಸತ್ವವೇ ಹೋಗುತ್ತದೆ. ಅಡುಗೆಯವರಿಗೂ ನಿಮ್ಮ ಮಗಳಿಗೂ ಇದನ್ನು ಬಿಡಿಸಿ ಹೇಳಿ.

ದಾಸ್ತಾನು ಕೋಣೆಯಲ್ಲಿ ಮೂಟೆಗಳು ನೆಲಕ್ಕೆ, ಗೋಡೆಗೆ ತಾಗದಂತೆ ಹಲಗೆಯ ಮೇಲಿರಬೇಕು. ಅಕ್ಕಿ ಹಿಡಿ ತೆಗೆದಾಗ ಗಂಟು ಗಂಟಾಗಿ ಬಲೆ ಕಟ್ಟಿದ್ದರೆ ಹುಳ ಬಿದ್ದಿದೆ ಎಂದರ್ಥ. ಹೊಸ ಮೂಟೆಯನ್ನು ಮುಂದೆ ಇಟ್ಟು ಹಳೆಯದನ್ನು ಹಿಂದೆ ತಳ್ಳುವ ಅಭ್ಯಾಸವಿದ್ದರೆ ಹುಳ ತಪ್ಪದು. ಎಲ್ಲಕ್ಕಿಂತ ಎಣ್ಣೆ ಯಾವುದರಲ್ಲಿದೆ ನೋಡಿ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಊಟ ಮಾಡಿದ 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸಿಕ್ಕಿತ್ತು. ಕಬ್ಬು, ಭತ್ತ ಬೆಳೆಯುವ ನಮ್ಮೂರುಗಳಲ್ಲಿ ಖಾಲಿ ಔಷಧಿ ಕ್ಯಾನ್ ಮನೆಮನೆಯಲ್ಲೂ ಇರುತ್ತದೆ. ಶಾಲೆಯ ಅಡುಗೆಮನೆಯಲ್ಲಿ ಅಂಥದ್ದೊಂದು ಕಂಡರೂ, ನೀರು ತುಂಬಿಡಲು ಬಳಸುತ್ತಿದ್ದರೂ, ನೀವು ಅಲ್ಲಿಂದ ಹೊರಡುವ ಮುಂಚೆ ಅದು ಹೊರಗೆ ಹೋಗಬೇಕು.

ಹಾಲು ಒಂದು ಮಗುವಿಗೆ 18 ಗ್ರಾಂ ಪುಡಿಯಿಂದ 150 ಮಿಲಿ, ಅಂದರೆ 100 ಮಕ್ಕಳಿಗೆ 1 ಕೆಜಿ 800 ಗ್ರಾಂ ಪುಡಿ. ಮೊಟ್ಟೆಯನ್ನು ಬೇಯಿಸುವ ಮುಂಚೆ ನೀರಿಗೆ ಬಿಡಿ, ತೇಲುವುದನ್ನು ತೆಗೆದುಹಾಕಿ. ಬೆಂದ ಮೊಟ್ಟೆಯ ಹಳದಿ ಸುತ್ತ ಹಸಿರು ಗೆರೆ ಕಂಡರೆ ಕೆಟ್ಟಿಲ್ಲ, ಹೆಚ್ಚು ಬೆಂದಿದೆ ಅಷ್ಟೇ.

ಅನ್ನ ಯಾವಾಗ ಇಳಿಸಿದರು, ಯಾವಾಗ ಬಡಿಸಿದರು ಅನ್ನುವುದನ್ನೂ ಕೇಳಿ. ಬೇಗ ಮಾಡಿಟ್ಟು ಮಧ್ಯಾಹ್ನದವರೆಗೆ ಉಗುರು ಬೆಚ್ಚಗೆ ಬಿಟ್ಟ ಅನ್ನದಲ್ಲಿ ವಾಂತಿ ತರಿಸುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದರ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ವಾಸನೆಯೂ ಬರುವುದಿಲ್ಲ. ಬಡಿಸುವಾಗ ಹಬೆ ಆಡುತ್ತಿರಬೇಕು, ಮುಚ್ಚಳ ಪಾತ್ರೆಗೆ ಸರಿಯಾಗಿ ಕೂರಬೇಕು.

ಅಡುಗೆ ಅಕ್ಕಂದಿರ ಮೇಲೆ ಮಾತ್ರ ದನಿ ಎತ್ತಬೇಡಿ. 25 ಮಕ್ಕಳವರೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು ಇರಬೇಕೆಂಬುದು ನಿಯಮ. 80 ಮಕ್ಕಳಿಗೆ ಒಬ್ಬರೇ ಬೇಯಿಸುತ್ತಿದ್ದರೆ ದೂರು ಕೊಡಬೇಕಾದದ್ದು ಅವರ ಮೇಲಲ್ಲ, ಅವರ ಪರವಾಗಿ.

ಬಿಸಿಯೂಟದ 2015ರ ಮಾರ್ಗಸೂಚಿಯಂತೆ ಬಡಿಸುವ ಮುಂಚೆ ಒಬ್ಬ ಶಿಕ್ಷಕರೂ ಸೇರಿ ಇಬ್ಬರು ಮೂವರು ದೊಡ್ಡವರು ರುಚಿ ನೋಡಲೇಬೇಕು. ರುಚಿ ನೋಡಿದವರು ಸಹಿ ಹಾಕುವ ವಹಿಯಲ್ಲಿ ವಾರದ ಸಹಿಯೆಲ್ಲ ಒಂದೇ ಶಾಯಿಯಲ್ಲಿ, ಒಂದೇ ದಿನ ಹಾಕಿದಂತಿದ್ದರೆ ಎಸ್‌ಡಿಎಂಸಿ ಸಭೆಯಲ್ಲಿ ಎತ್ತಿ. ನೀವು ಕಂಡದ್ದನ್ನು ದಿನಾಂಕ, ಹಾಜರಿ, ತೂಕದ ಸಮೇತ ಒಂದು ಪುಟ ಬರೆದು ಕೊಡಿ. ಅಲ್ಲಿ ಆಗದಿದ್ದರೆ ಅದೇ ಪುಟವನ್ನು ತಾಲ್ಲೂಕಿನ ಅಕ್ಷರ ದಾಸೋಹ (ಬಿಸಿಯೂಟ ಯೋಜನೆ) ಸಹಾಯಕ ನಿರ್ದೇಶಕರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ‘ಊಟ ಚೆನ್ನಾಗಿಲ್ಲ’ ಎಂಬ ಅರ್ಜಿ ಫೈಲಿನಲ್ಲಿ ಕೂರುತ್ತದೆ, ‘80 ಮಕ್ಕಳಿಗೆ 900 ಗ್ರಾಂ ಬೇಳೆ’ ಅಂದರೆ ಅಧಿಕಾರಿ ಉತ್ತರ ಕೊಡಲೇಬೇಕಾಗುತ್ತದೆ. ಮಕ್ಕಳಿಗೆ ವಾಂತಿ, ಹೊಟ್ಟೆನೋವು ಬಂದ ದಿನವಾದರೆ ಮೊದಲು 108ಕ್ಕೆ ಕರೆ ಮಾಡಿ. ಆಮೇಲೆ ಉಳಿದ ಊಟ ಚೆಲ್ಲದಂತೆ, ಪಾತ್ರೆ ತೊಳೆಯದಂತೆ ತಡೆದು, ಆಹಾರ ಸುರಕ್ಷತಾ ಅಧಿಕಾರಿ ಬಂದು ಮಾದರಿ ತೆಗೆಯುವವರೆಗೆ ಮುಚ್ಚಿಡಿಸಿ.