ಅಡುಗೆಮನೆ ಪ್ರಶ್ನೋತ್ತರ: ಸೀಸರ್ ಸಲಾಡ್‌ಗೆ ಎಲೆ ಒಣಗಿರಲಿ

ಹಿಂದಿನ ಸಂಚಿಕೆಯಲ್ಲಿ ಸೌತೆಕಾಯಿ ಕೋಸಂಬರಿಯ ಬಗ್ಗೆ ಬರೆದಿದ್ದೆ. ಅದರ ಬೆನ್ನಿಗೇ ಬಂದ ಪತ್ರಗಳಲ್ಲಿ ಹೆಚ್ಚಿನವು ಲೆಟ್ಯೂಸ್ ಎಲೆ, ಹುರಿದ ಬ್ರೆಡ್, ಚೀಸ್ ಹಾಕಿ ಮಾಡುವ ಸೀಸರ್ ಸಲಾಡ್ ಕೇಳಿವೆ. ಬೆಂಗಳೂರಿನ ಹೋಟೆಲೊಂದರಲ್ಲಿ ಸಲಾಡ್, ಸ್ಯಾಂಡ್‌ವಿಚ್ ತಯಾರಿಸುವ ವಿಭಾಗದಲ್ಲಿ ಕೆಲಸಕ್ಕಿದ್ದಾಗ ನನ್ನ ಕೈಗೆ ಕೂತ ತಿನಿಸು ಇದು. ನನಗೆ ತುಂಬ ಇಷ್ಟದ್ದು ಕೂಡ. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಇದಕ್ಕೇ ಇಟ್ಟಿದ್ದೇನೆ.

*ಅಕ್ಕ, ಮಗಳು ಬೆಂಗಳೂರಿನಲ್ಲಿ ತಿಂದು ಬಂದಾಗಿನಿಂದ ಸೀಸರ್ ಸಲಾಡ್ ಮಾಡಿಕೊಡು ಎನ್ನುತ್ತಿದ್ದಾಳೆ. ವಿಡಿಯೋ ನೋಡಿಕೊಂಡು ಮಾಡಿದೆ. ಬಟ್ಟಲಿನ ತಳದಲ್ಲಿ ನೀರು ನಿಂತಿತು, ಎಲೆಯೆಲ್ಲ ಸಪ್ಪೆ. ಸುಲಭದ ವಿಧಾನ ಹೇಳಿ.*
— ಗೃಹಿಣಿ, ಮೈಸೂರು

ತಳದಲ್ಲಿ ನೀರು ನಿಂತಿತು ಎಂದಿರಲ್ಲ, ತೊಂದರೆ ಇರುವುದು ಅಲ್ಲೇ. ನಿಮ್ಮ ಎಲೆ ಒದ್ದೆಯಿತ್ತು. ಎಲೆಗೆ ಕಲಸುವ ಸಾಸ್, ಅಂದರೆ ಡ್ರೆಸ್ಸಿಂಗ್‌ನಲ್ಲಿ ಎಣ್ಣೆಯೇ ಹೆಚ್ಚು. ನೀರಿನ ಪಸೆ ಇರುವ ಎಲೆಗೆ ಅದು ಅಂಟುವುದಿಲ್ಲ, ಜಾರಿ ಕೆಳಗಿಳಿಯುತ್ತದೆ. ಡ್ರೆಸ್ಸಿಂಗ್‌ಗೆ ಪಡುವ ಕಷ್ಟದ ಅರ್ಧದಷ್ಟನ್ನು ಎಲೆ ಒಣಗಿಸುವುದಕ್ಕೆ ಪಡಿ, ಮಿಕ್ಕಿದ್ದೆಲ್ಲ ಸುಲಭ.

ಇಬ್ಬರಿಗೆ ಒಂದು ರೊಮೇನ್ ಲೆಟ್ಯೂಸ್ ಸಾಕು. ಉದ್ದನೆಯ ಎಲೆ, ನಡುವೆ ದಪ್ಪ ನರ ಇರುವ ಜಾತಿ ಅದು. ಎಲೆಗಳನ್ನು ಬಿಡಿಸಿ, ಬುಡದ ಮಣ್ಣು ಹೋಗುವಂತೆ ನಾಲ್ಕೈದು ನೀರಿನಲ್ಲಿ ತೊಳೆಯಿರಿ. ಹಸಿಯಾಗಿ ತಿನ್ನುವುದರಿಂದ ಕೊನೆಯ ಸಲಕ್ಕೆ ಕುಡಿಯುವ ನೀರೇ ಬಳಸಿ. ಚೆನ್ನಾಗಿ ಕೊಡವಿ, ಹಳೆಯ ಹತ್ತಿ ಪಂಚೆಯ ಮೇಲೆ ಒಂದೊಂದಾಗಿ ಹರಡಿ, ಸಡಿಲವಾಗಿ ಸುತ್ತಿ ಫ್ರಿಜ್ಜಿನಲ್ಲಿಡಿ. ಎರಡು ತಾಸು ಬಿಟ್ಟು ತೆಗೆದರೆ ಎಲೆ ಒಣಗಿಯೂ ಇರುತ್ತದೆ, ಮುರಿದರೆ ಚಟ್ಟೆನ್ನುವಷ್ಟು ಗರಿಗರಿಯೂ ಆಗಿರುತ್ತದೆ.

ಆ ಹೊತ್ತಿನಲ್ಲಿ ಬ್ರೆಡ್ ಹುರಿದುಕೊಳ್ಳಿ. ನಿನ್ನೆ ಮೊನ್ನೆಯ ಬ್ರೆಡ್ ಆದರೆ ಒಳ್ಳೆಯದು. ಎರಡು ಹೋಳನ್ನು ಕೈಯಿಂದಲೇ ಮುರಿಯಿರಿ. ಏರುಪೇರು ಅಂಚುಗಳು ಎಣ್ಣೆಯನ್ನೂ ಚೀಸನ್ನೂ ಹೆಚ್ಚು ಹಿಡಿಯುತ್ತವೆ. ಬಾಣಲೆಗೆ ಒಂದು ದೊಡ್ಡ ಚಮಚ ಎಣ್ಣೆ, ಜಜ್ಜಿದ ಒಂದು ಎಸಳು ಬೆಳ್ಳುಳ್ಳಿ ಹಾಕಿ. ಘಮ ಬಂದ ಮೇಲೆ ಬೆಳ್ಳುಳ್ಳಿ ತೆಗೆದು ಬ್ರೆಡ್ ಹಾಕಿ, ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವವರೆಗೆ ಕೈಯಾಡಿಸಿ. ನಮ್ಮ ಬೇಕರಿಗಳ ಬ್ರೆಡ್ಡಿನಲ್ಲಿ ಸಕ್ಕರೆ ಸ್ವಲ್ಪ ಜಾಸ್ತಿ, ಬೇಗ ಕಪ್ಪಾಗುತ್ತದೆ. ಒಲೆ ಬಿಟ್ಟು ಆಚೆ ಹೋಗಬೇಡಿ.

ಇನ್ನು ಡ್ರೆಸ್ಸಿಂಗ್. ಕುಟ್ಟಾಣಿಯಲ್ಲಿ ಅರ್ಧ ಎಸಳು ಬೆಳ್ಳುಳ್ಳಿ, ಚಿಟಿಕೆ ಉಪ್ಪು, ಎಣ್ಣೆಯಲ್ಲಿಟ್ಟ ಆಂಚೊವಿ ಮೀನಿನ ಮೂರು ಎಳೆ ಹಾಕಿ ನುಣ್ಣಗೆ ಅರೆಯಿರಿ. ಬಟ್ಟಲಿಗೆ ತೆಗೆದುಕೊಂಡು ಒಂದು ಮೊಟ್ಟೆಯ ಹಳದಿ, ಅರ್ಧ ಸಣ್ಣ ಚಮಚ ಸಾಸಿವೆ ಪೇಸ್ಟ್, ಒಂದು ದೊಡ್ಡ ಚಮಚ ನಿಂಬೆರಸ ಸೇರಿಸಿ ಕಲಕಿ. ಈಗ 60 ಮಿಲಿ ಎಣ್ಣೆ. ಮೊದಲು ತೊಟ್ಟು ತೊಟ್ಟಾಗಿ, ಮಿಶ್ರಣ ದಪ್ಪಗಾಗತೊಡಗಿದ ಮೇಲೆ ನೂಲಿನ ಹಾಗೆ ಸಣ್ಣ ಧಾರೆಯಲ್ಲಿ ಬಿಡುತ್ತಾ, ಒಂದೇ ಸಮನೆ ಕಡೆಯುತ್ತಿರಿ. ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಎಣ್ಣೆಯ ಕಣಗಳನ್ನು ಹುಳಿಯ ನೀರಿನಲ್ಲಿ ಹಿಡಿದು ನಿಲ್ಲಿಸುತ್ತದೆ. ಎಣ್ಣೆಯನ್ನು ಒಟ್ಟಿಗೆ ಸುರಿದರೆ ಆ ಹಿಡಿತ ಸಿಗುವುದಿಲ್ಲ, ಒಡೆಯುತ್ತದೆ. ಒಡೆದರೆ ಚೆಲ್ಲಬೇಡಿ: ಬೇರೆ ಬಟ್ಟಲಿನಲ್ಲಿ ಇನ್ನೊಂದು ಹಳದಿ ತೆಗೆದುಕೊಂಡು, ಒಡೆದದ್ದನ್ನೇ ಚಮಚ ಚಮಚವಾಗಿ ಅದಕ್ಕೆ ಸೇರಿಸುತ್ತಾ ಕಡೆಯಿರಿ, ಕೂಡಿಕೊಳ್ಳುತ್ತದೆ. ನಾನು ಅರ್ಧ ಆಲಿವ್ ಎಣ್ಣೆ, ಅರ್ಧ ಸೂರ್ಯಕಾಂತಿ ಎಣ್ಣೆ ಬಳಸುತ್ತೇನೆ. ಬರೀ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆಯನ್ನು ಮಿಕ್ಸಿಯಲ್ಲಿ ತಿರುಗಿಸಿದರೆ ಕಹಿ ಬರುತ್ತದೆ.

ಕೊನೆಗೆ 25 ಗ್ರಾಂನಷ್ಟು ಪಾರ್ಮೆಸಾನ್ ಎಂಬ ಗಟ್ಟಿ ಚೀಸ್ ತುರಿದುಕೊಳ್ಳಿ. ಅಗಲವಾದ ಪಾತ್ರೆಯಲ್ಲಿ ಎಲೆ ಮುರಿದು ಹಾಕಿ, ಅರ್ಧ ಡ್ರೆಸ್ಸಿಂಗ್ ಸುರಿದು, ಎರಡೂ ಕೈಯಿಂದ ಕೆಳಗಿನಿಂದ ಮೇಲಕ್ಕೆ ತಿರುವಿ. ಎಲ್ಲ ಎಲೆಯೂ ಹೊಳೆಯಬೇಕು, ತಳದಲ್ಲಿ ಏನೂ ನಿಲ್ಲಬಾರದು. ಬೇಕೆನಿಸಿದರಷ್ಟೇ ಇನ್ನಷ್ಟು ಡ್ರೆಸ್ಸಿಂಗ್. ಚೀಸ್, ಆಗಷ್ಟೇ ಕುಟ್ಟಿದ ಕಾಳುಮೆಣಸು, ಹುರಿದ ಬ್ರೆಡ್ ಹಾಕಿ ಒಮ್ಮೆ ತಿರುವಿದ ತಕ್ಷಣ ಬಡಿಸಿ. ಮಗಳನ್ನು ಮೊದಲೇ ಕೂರಿಸಿರಿ. ಹತ್ತು ನಿಮಿಷ ತಡವಾದರೂ ಬ್ರೆಡ್ ಮೆತ್ತಗಾಗುತ್ತದೆ.

*ನನ್ನ ಸೊಸೆ ಈಗ ಆರು ತಿಂಗಳ ಬಸುರಿ. ಅವಳಿಗೆ ಈ ಸಲಾಡ್ ಮೇಲೆ ಬಯಕೆ. ಹಸಿ ಮೊಟ್ಟೆ ಹಾಕುತ್ತಾರೆಂದು ಕೇಳಿ ಹೆದರಿಕೆಯಾಗಿದೆ.*
— ಅತ್ತೆ, ದಾವಣಗೆರೆ

ನಿಮ್ಮ ಹೆದರಿಕೆ ಸರಿಯಾದದ್ದೇ ಅಮ್ಮ. ಬಸುರಿಯರಿಗೆ, ಪುಟ್ಟ ಮಕ್ಕಳಿಗೆ, ವಯಸ್ಸಾದವರಿಗೆ ಹಸಿ ಮೊಟ್ಟೆಯ ಡ್ರೆಸ್ಸಿಂಗ್ ಬೇಡವೇ ಬೇಡ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಅದರಲ್ಲಿರಬಹುದು. ಈ ಕಾರಣಕ್ಕಾಗಿಯೇ 2024ರ ಕೊನೆಯಲ್ಲಿ ತೆಲಂಗಾಣ, 2025ರ ಏಪ್ರಿಲ್‌ನಲ್ಲಿ ತಮಿಳುನಾಡು ಹಸಿ ಮೊಟ್ಟೆ, ಎಣ್ಣೆ ಕಡೆದು ಇದೇ ರೀತಿ ಮಾಡುವ ಮೇಯೊನೀಸನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿದವು. ಮೊಟ್ಟೆಯನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಇಟ್ಟು ತೆಗೆದರೆ ಸಾಕು ಎಂದು ಹಲವರು ಬರೆಯುತ್ತಾರೆ. ಸಾಕಾಗುವುದಿಲ್ಲ. ಅಷ್ಟರಲ್ಲಿ ಒಳಗಿನ ಹಳದಿ ಬಿಸಿಯೇ ಆಗಿರುವುದಿಲ್ಲ.

ಸೊಸೆಗೆ ಹೀಗೆ ಮಾಡಿಕೊಡಿ. ಮೊಟ್ಟೆಯನ್ನು 10 ನಿಮಿಷ ಗಟ್ಟಿಯಾಗಿ ಬೇಯಿಸಿ. ಹಳದಿಯನ್ನು ನಿಂಬೆರಸ, ಸಾಸಿವೆ ಪೇಸ್ಟ್, ಒಂದು ಚಮಚ ನೀರಿನ ಜತೆ ನುಣ್ಣಗೆ ಮಸೆದು, ಆಮೇಲೆ ಎಣ್ಣೆಯನ್ನು ಮೇಲೆ ಹೇಳಿದಂತೆಯೇ ಸೇರಿಸಿ. ಹಸಿ ಹಳದಿಯಷ್ಟು ದಪ್ಪ ಬರದಿದ್ದರೂ ಎಲೆಗೆ ಚೆನ್ನಾಗಿ ಅಂಟುತ್ತದೆ, ರುಚಿಯಲ್ಲಿ ಕೊರತೆಯಿಲ್ಲ. ಬಿಳಿಯನ್ನು ಚೂರು ಮಾಡಿ ಮೇಲೆ ಹಾಕಿ. ಚೀಸ್ ಪಾಶ್ಚರೀಕರಿಸಿದ ಹಾಲಿನದೇ ಎಂದು ಪೊಟ್ಟಣ ನೋಡಿ ತನ್ನಿ. ಎಲೆಯನ್ನು ನೀವೇ ಮನೆಯಲ್ಲಿ ತೊಳೆಯಿರಿ. ಈ ದಿನಗಳಲ್ಲಿ ಹೊರಗೆ ಹೆಚ್ಚಿಟ್ಟ ಸಲಾಡ್ ತರಿಸುವುದು ಬೇಡ.

*ನಮ್ಮದು ಮೊಟ್ಟೆ, ಮೀನು ಮುಟ್ಟದ ಮನೆ. ಅವೆರಡನ್ನೂ ಬಿಟ್ಟರೆ ಅದು ಸೀಸರ್ ಸಲಾಡ್ ಆಗುತ್ತದೆಯೇ?*
— ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಆಗುತ್ತದೆ. ಆದರೆ ಅವು ಮಾಡುತ್ತಿದ್ದ ಕೆಲಸವನ್ನು ಬೇರೆಯವು ಮಾಡಬೇಕು. ಮೊಟ್ಟೆ ದಪ್ಪ ಕೊಡುತ್ತಿತ್ತು. ಅದರ ಬದಲಿಗೆ ಮಸ್ಲಿನ್ ಬಟ್ಟೆಯಲ್ಲಿ ನೀರು ಬಸಿದ, ಹುಳಿಯಿಲ್ಲದ ಮೊಸರು ಅರ್ಧ ಬಟ್ಟಲು. ಮೊಸರೂ ಬೇಡವೆಂದರೆ ಹತ್ತು ಹನ್ನೆರಡು ಗೋಡಂಬಿ ನೆನೆಸಿ ಬೆಣ್ಣೆಯಷ್ಟು ನುಣ್ಣಗೆ ಅರೆದುಕೊಳ್ಳಿ. ಎಣ್ಣೆ ಎರಡು ಚಮಚಕ್ಕೆ ಇಳಿಯಲಿ. ಅಂಗಡಿಯ ಎಗ್‌ಲೆಸ್ ಮೇಯೊನೀಸ್ ಸುರಿಯಬೇಡಿ, ಅದರ ಸಿಹಿ ನಿಂಬೆಯನ್ನೂ ಕಾಳುಮೆಣಸನ್ನೂ ಮುಚ್ಚಿಬಿಡುತ್ತದೆ.

ಮೀನು ಕೊಡುತ್ತಿದ್ದದ್ದು ಉಪ್ಪು ಮತ್ತು ಆಳವಾದ ಒಂದು ರುಚಿ. ಉಪ್ಪುನೀರಿನ ಶೀಶೆಯಲ್ಲಿ ಬರುವ ಕೇಪರ್ ಮೊಗ್ಗು ಒಂದು ಚಮಚ, ಅದು ಸಿಗದಿದ್ದರೆ ನಾಲ್ಕು ಹಸಿರು ಆಲಿವ್ ಅರೆದು ಹಾಕಿ. ಜತೆಗೆ ಕಾಲು ಚಮಚ ಗಟ್ಟಿ ಹುಣಸೆರಸ. ಹುಣಸೆಹಣ್ಣೆಂದು ಆಶ್ಚರ್ಯಪಡಬೇಡಿ. ಈ ಸಲಾಡ್‌ಗೆ ಮೊದಲಿನಿಂದಲೂ ಹಾಕುವ ಇಂಗ್ಲೆಂಡಿನ ವೂಸ್ಟರ್ ಸಾಸ್‌ನಲ್ಲಿ ಹುಣಸೆ ಇದ್ದೇ ಇದೆ. ಆ ಸಾಸ್‌ನಲ್ಲಿ ಆಂಚೊವಿ ಮೀನೂ ಇದೆ, ಆದ್ದರಿಂದ ನೀವು ಕೊಳ್ಳುವುದಾದರೆ ಹಸಿರು ಚುಕ್ಕೆ ಇರುವುದನ್ನೇ ನೋಡಿ ಕೊಳ್ಳಿ.

ಇನ್ನೊಂದು ವಿಷಯ ಹಲವರಿಗೆ ತಿಳಿದಿರುವುದಿಲ್ಲ, ಹೇಳದೆ ಬಿಟ್ಟರೆ ನಿಮಗೆ ಅನ್ಯಾಯವಾಗುತ್ತದೆ. ಇಟಲಿಯ ಅಸಲಿ ಪಾರ್ಮೆಸಾನ್, ಅಂದರೆ ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಹಾಲು ಒಡೆಸಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಅಲ್ಲಿನ ನಿಯಮದಲ್ಲಿ ಅದಕ್ಕೆ ಬದಲಿಯಿಲ್ಲ. ನಮ್ಮ ದೇಶದಲ್ಲಿ ಸೂಕ್ಷ್ಮಜೀವಿಗಳ ರೆನೆಟ್ ಬಳಸಿ ಅದೇ ಬಗೆಯ ಗಟ್ಟಿ ಚೀಸ್ ಮಾಡುತ್ತಾರೆ. ಹಸಿರು ಚುಕ್ಕೆ ನೋಡಿ ತನ್ನಿ. ತುರಿದ ಪುಡಿಯ ಡಬ್ಬಿಗಿಂತ ತುಂಡನ್ನೇ ತಂದು ಮನೆಯಲ್ಲಿ ತುರಿಯುವುದು ಎಷ್ಟೋ ಮೇಲು.

*ರೋಮಿನ ಜೂಲಿಯಸ್ ಸೀಸರ್‌ಗೆ ಪ್ರಿಯವಾಗಿದ್ದರಿಂದ ಈ ಹೆಸರು ಬಂತೆಂದು ನಮ್ಮ ಕ್ಯಾಂಟೀನಿನ ಬೋರ್ಡಿನಲ್ಲಿ ಬರೆದಿದ್ದಾರೆ. ನಿಜವೇ?*
— ಕಾಲೇಜು ವಿದ್ಯಾರ್ಥಿ, ಮಂಗಳೂರು

ಅಲ್ಲಪ್ಪ. ಈ ಸೀಸರ್ ಹೋಟೆಲ್ ನಡೆಸುತ್ತಿದ್ದವರು. ಹೆಸರು ಸೀಸರ್ ಕಾರ್ಡಿನಿ. ಇಟಲಿಯಲ್ಲಿ ಹುಟ್ಟಿ, ಅಮೆರಿಕಕ್ಕೆ ವಲಸೆ ಹೋಗಿ, ಗಡಿಯಾಚೆ ಮೆಕ್ಸಿಕೋದ ಟಿಹುವಾನಾ ಊರಿನಲ್ಲಿ ಹೋಟೆಲ್ ಇಟ್ಟರು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ. ಕುಡಿಯಬೇಕೆನ್ನುವ ಕ್ಯಾಲಿಫೋರ್ನಿಯಾದ ಜನ ಗಡಿ ದಾಟಿ ಟಿಹುವಾನಾಕ್ಕೆ ಬರುತ್ತಿದ್ದರು. 1924ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ, ನೂಕುನುಗ್ಗಲಾಗಿ ಅಡುಗೆಮನೆಯ ಸಾಮಾನು ಮುಗಿಯುತ್ತ ಬಂದಾಗ ಇದ್ದುದರಲ್ಲೇ ಕಾರ್ಡಿನಿ ಈ ಸಲಾಡ್ ಕಟ್ಟಿದರೆಂದು ಅವರ ಮಗಳು ರೋಸಾ ಹೇಳುತ್ತಿದ್ದರು. ಸೀಸರ್ ಅವರ ತಮ್ಮ ಅಲೆಕ್ಸ್ ಕಾರ್ಡಿನಿಯೂ ಇದು ತನ್ನದೆಂದು ಹೇಳಿಕೊಂಡವರೇ. ಅಮೆರಿಕದ ಪ್ರಸಿದ್ಧ ಅಡುಗೆ ಲೇಖಕಿ ಜೂಲಿಯಾ ಚೈಲ್ಡ್ ಹುಡುಗಿಯಾಗಿದ್ದಾಗ ತಂದೆತಾಯಿಯ ಜತೆ ಅಲ್ಲಿಗೆ ಹೋಗಿದ್ದರು. ಕಾರ್ಡಿನಿ ಸ್ವತಃ ಮೇಜಿನ ಬಳಿ ನಿಂತು ದೊಡ್ಡ ಮರದ ಬಟ್ಟಲಿನಲ್ಲಿ ಸಲಾಡ್ ತಿರುವಿದ್ದು, ಎಲೆಗಳ ಮೇಲೆ ಮೊಟ್ಟೆ ಒಡೆದು ಹಾಕಿದ್ದು ಅವರಿಗೆ ಕೊನೆವರೆಗೂ ನೆನಪಿತ್ತು.

ಅಡುಗೆಯವರಿಗೆ ಈ ಕಥೆಯಿಂದ ಒಂದು ಉಪಯೋಗವಿದೆ. ಕಾರ್ಡಿನಿ ಎಲೆಯನ್ನು ಕತ್ತರಿಸುತ್ತಿರಲಿಲ್ಲ. ಇಡೀ ಎಲೆ, ಬುಡ ಹಿಡಿದು ಕೈಯಿಂದಲೇ ತಿನ್ನುವುದು. ಮೀನನ್ನೂ ಬೇರೆಯಾಗಿ ಹಾಕುತ್ತಿರಲಿಲ್ಲ, ವೂಸ್ಟರ್ ಸಾಸ್‌ನಲ್ಲಿದ್ದಷ್ಟೇ. ಕೋಳಿ, ಬೇಕನ್, ಟೊಮೆಟೊ, ಸ್ವೀಟ್ ಕಾರ್ನ್ ಯಾವುದೂ ಇರಲಿಲ್ಲ. ನಿಮ್ಮ ಕ್ಯಾಂಟೀನಿನಲ್ಲಿ ಮೆಕ್ಕೆಜೋಳ ಹಾಕುತ್ತಿದ್ದರೆ ಬೋರ್ಡಿನ ಜತೆಗೆ ಅದನ್ನೂ ತಿದ್ದಲು ಹೇಳಿ.

*ನಮ್ಮಲ್ಲಿ ಒಣಮೀನು ಧಾರಾಳ. ಆಂಚೊವಿ ಶೀಶೆಗೆ ಅಷ್ಟು ದುಡ್ಡು ಕೊಡುವ ಬದಲು ಒಣಮೀನಿನ ಪುಡಿ ಹಾಕಬಹುದೇ?*
— ಶಿಕ್ಷಕಿ, ಕುಂದಾಪುರ

ಯೋಚನೆ ಬಂದದ್ದು ಸಹಜ, ಆದರೆ ಬೇಡ. ನಮ್ಮ ಒಣಮೀನು ಬಿಸಿಲಿನಲ್ಲಿ ನೀರು ಆರಿದ್ದು. ಶೀಶೆಯ ಆಂಚೊವಿ ಉಪ್ಪಿನಲ್ಲಿ ತಿಂಗಳುಗಟ್ಟಲೆ ಒತ್ತಿಟ್ಟು ಮಾಗಿದ್ದು. ಆ ಮಾಗುವಿಕೆಯಲ್ಲಿ ಮಾಂಸದ ಪ್ರೋಟೀನು ಒಡೆದು ಮೆತ್ತಗಾಗಿ, ಚಮಚದಲ್ಲಿ ಒತ್ತಿದರೆ ಎಣ್ಣೆಯಲ್ಲಿ ಕರಗುವ ಹಾಗಾಗಿರುತ್ತದೆ. ತಿಂದವರಿಗೆ ಮೀನು ಎಂದು ಗೊತ್ತಾಗುವುದೇ ಇಲ್ಲ, ಡ್ರೆಸ್ಸಿಂಗ್‌ಗೆ ಮೈ ಬಂದಿರುತ್ತದೆ ಅಷ್ಟೆ. ಒಣಮೀನಿನ ಪುಡಿ ತರಿತರಿಯಾಗಿ ಉಳಿಯುತ್ತದೆ, ಅದರ ವಾಸನೆ ಕಾಯಿ, ಹುಳಿ, ಮೆಣಸಿನ ಜತೆಗೇ ಹೊಂದುವಂಥದ್ದು. ಒಂದು ಚಮಚ ವೂಸ್ಟರ್ ಸಾಸ್ ಹಾಕಿ, ನಿಮ್ಮ ದುಡ್ಡೂ ಉಳಿಯುತ್ತದೆ. ಕಾರ್ಡಿನಿ ಮಾಡುತ್ತಿದ್ದದ್ದೂ ಅದನ್ನೇ.

*ಅಕ್ಕಾರ, ನಮ್ಮ ಊರಾಗ ಈ ರೊಮೇನ್ ಗಿಮೇನ್ ಯಾವುದೂ ಸಿಗೂದಿಲ್ರಿ. ಕೋಸು ಹೆಚ್ಚಿ ಹಾಕಿದ್ರ ನಡೀತೈತೇನ್ರಿ?*
— ಕಿರಾಣಿ ಅಂಗಡಿಯವರು, ಗದಗ ಜಿಲ್ಲೆ

ಕೋಸು ಬೇಡ್ರಿ. ಹಸಿ ಕೋಸಿನ ಘಾಟು ಬೆಳ್ಳುಳ್ಳಿ, ಚೀಸಿನ ಜತೆ ಜಗಳ ಆಡುತ್ತದೆ. ನಿಮ್ಮ ಕಡೆ ಹಕ್ಕರಕಿ ಇದೆಯಲ್ಲ, ರೊಟ್ಟಿ ಜತೆ ಹಸಿಯಾಗಿ ತಿನ್ನುವ ಸೊಪ್ಪು. ಅದೂ ಲೆಟ್ಯೂಸ್ ಕೂಡ ಒಂದೇ ಕುಟುಂಬದ ಸಸ್ಯಗಳು. ಎಳೆಯ ಎಲೆಯ ಆ ಸಣ್ಣ ಕಹಿ ಸೀಸರ್ ಡ್ರೆಸ್ಸಿಂಗ್‌ನ ಉಪ್ಪು, ಹುಳಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಬರೀ ಹಕ್ಕರಕಿಯಾದರೆ ಮೆತ್ತಗಾಗುತ್ತದೆ, ಆದ್ದರಿಂದ ಬೀಜ ತೆಗೆದು ದಪ್ಪಗೆ ಹೆಚ್ಚಿದ ಸೌತೆಕಾಯಿ ಸೇರಿಸಿ. ಸೌತೆ ಹೋಳನ್ನು ಬಟ್ಟೆಯಲ್ಲಿ ಒತ್ತಿ ನೀರು ಆರಿಸಲು ಮರೆಯಬೇಡಿ. ಹುಬ್ಬಳ್ಳಿಗೆ ಹೋದಾಗ ಐಸ್‌ಬರ್ಗ್ ಲೆಟ್ಯೂಸ್ ಸಿಕ್ಕರೆ ತನ್ನಿ, ರುಚಿ ಕಡಿಮೆಯಾದರೂ ಗರಿಗರಿತನಕ್ಕೆ ಮೋಸವಿಲ್ಲ. ಬ್ರೆಡ್ ಬದಲು ಕಟಕ್ ರೊಟ್ಟಿ ಮುರಿದು ಹಾಕಿ ನೋಡಿ. ಜೋಳದ ರೊಟ್ಟಿಯ ಚೂರು ಬೇಕರಿ ಬ್ರೆಡ್ಡಿಗಿಂತ ಹೆಚ್ಚು ಹೊತ್ತು ಗರಿಯಾಗಿ ನಿಲ್ಲುತ್ತದೆ, ಸಿಹಿಯೂ ಇರುವುದಿಲ್ಲ. ಇದನ್ನು ಟಿಹುವಾನಾದ ಸಲಾಡ್ ಎಂದು ನಾನು ಕರೆಯುವುದಿಲ್ಲ. ತಿನ್ನುವುದಂತೂ ಸಂತೋಷದಿಂದ ತಿನ್ನುತ್ತೇನೆ.

*ಆಫೀಸಿಗೆ ಡಬ್ಬಿಯಲ್ಲಿ ಒಯ್ಯಬಹುದೇ? ಉಳಿದ ಡ್ರೆಸ್ಸಿಂಗ್ ಎಷ್ಟು ದಿನ ಇರುತ್ತದೆ?*
— ಐಟಿ ಉದ್ಯೋಗಿ, ಬೆಂಗಳೂರು

ಒಯ್ಯಬಹುದು. ಒಣಗಿದ ಎಲೆ ಒಂದು ಡಬ್ಬಿಯಲ್ಲಿ, ಡ್ರೆಸ್ಸಿಂಗ್ ಪುಟ್ಟ ಶೀಶೆಯಲ್ಲಿ, ಬ್ರೆಡ್ ಕಾಗದದ ಪೊಟ್ಟಣದಲ್ಲಿ. ತಿನ್ನುವ ಹೊತ್ತಿಗೆ ಎಲೆಯ ಡಬ್ಬಿಗೆ ಎಲ್ಲ ಸುರಿದು, ಮುಚ್ಚಳ ಹಾಕಿ ಕುಲುಕಿದರೆ ಆಯಿತು. ಆಫೀಸಿನಲ್ಲಿ ಫ್ರಿಜ್ ಇದ್ದರೆ ಮಾತ್ರ ಮೊಟ್ಟೆಯ ಡ್ರೆಸ್ಸಿಂಗ್ ಒಯ್ಯಿರಿ, ಇಲ್ಲವಾದರೆ ಗೋಡಂಬಿಯದನ್ನು ಬೆಳಿಗ್ಗೆಯೇ ಅರೆದು, ತಣ್ಣಗೆ ಮಾಡಿ, ಐಸ್ ಪ್ಯಾಕ್ ಪಕ್ಕದಲ್ಲಿಟ್ಟುಕೊಳ್ಳಿ. ಹಸಿ ಮೊಟ್ಟೆಯದನ್ನು ಮಾಡಿದ ದಿನವೇ ಮುಗಿಸಿ. ಬೆಂದ ಹಳದಿಯದು, ಮೊಸರಿನದು ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ. ಉಳಿದದ್ದನ್ನು ಬಿಸಿ ಆರಿದ ಆಲೂಗಡ್ಡೆ ಹೋಳುಗಳಿಗೆ ಕಲಸಿ, ಮೇಲೆ ಹಸಿ ಈರುಳ್ಳಿ ಹಾಕಿಕೊಳ್ಳಿ. ರಾತ್ರಿಯ ಊಟಕ್ಕೆ ಬೇರೆ ಪಲ್ಯ ಬೇಕಾಗುವುದಿಲ್ಲ.