ನಿರ್ದೇಶಕರು ಒಬ್ಬರೇ ಆಗಿರುವಾಗ ‘ಸ್ಪೋರ್‌ಲೋಸ್’ ಎಂಬ ಡಚ್ ಚಿತ್ರದ ಬದಲು ಅದರ ಇಂಗ್ಲಿಷ್ ರೀಮೇಕ್ ನೋಡಿದರೆ ಸಾಲದೆ?

ಸಾಲದು. ಕಾಲೇಜಿನಲ್ಲಿದ್ದಾಗ ನಾನೂ ಇದೇ ಲೆಕ್ಕ ಹಾಕಿದ್ದೆ. ಡಚ್ ಬಾರದು, ಫ್ರೆಂಚ್ ಬಾರದು, ಸಬ್‌ಟೈಟಲ್ ಓದುತ್ತ ಕೂರಲು ಬೇಸರ. ಜಾರ್ಜ್ ಸ್ಲೈಜರ್ ಅವರೇ 1988ರ ತಮ್ಮ ಚಿತ್ರವನ್ನು 1993ರಲ್ಲಿ ಅಮೆರಿಕದವರಿಗಾಗಿ ‘ದಿ ವ್ಯಾನಿಶಿಂಗ್’ ಎಂದು ಮತ್ತೆ ತೆಗೆದಿದ್ದಾರೆ, ಅದರಲ್ಲಿ ಹಾಲಿವುಡ್ ನಟ ಜೆಫ್ ಬ್ರಿಜಸ್ ಬೇರೆ ಇದ್ದಾರೆ. ಹಳೆಯದರ ಗೊಡವೆ ಏಕೆಂದು ಇಂಗ್ಲಿಷಿನದನ್ನೇ ಮೊದಲು ನೋಡಿಬಿಟ್ಟೆ.

ಅದರಿಂದ ಏನು ಕಳೆದುಕೊಂಡೆ ಎಂಬುದನ್ನು ಬಿಡಿಸಿ ಹೇಳಲೇಬೇಕು. ಮೂಲದಲ್ಲಿ ರೆಕ್ಸ್ ಮತ್ತು ಸಾಸ್ಕಿಯಾ ಎಂಬ ಡಚ್ ಜೋಡಿ ರಜೆಗೆಂದು ಕಾರಿನಲ್ಲಿ ಫ್ರಾನ್ಸಿಗೆ ಹೊರಟಿರುತ್ತದೆ. ಸುರಂಗದ ನಡುವೆ ಪೆಟ್ರೋಲ್ ಮುಗಿಯುತ್ತದೆ. ರೆಕ್ಸ್ ಅವಳನ್ನು ಆ ಕತ್ತಲಲ್ಲೇ ಬಿಟ್ಟು ಪೆಟ್ರೋಲ್ ತರಲು ಹೋಗುತ್ತಾನೆ. ಮುನಿಸು, ಆಮೇಲೆ ರಾಜಿ. ಪೆಟ್ರೋಲ್ ಬಂಕಿನ ಬಳಿ ಒಂದು ಮರದ ಬುಡದಲ್ಲಿ ಎರಡು ನಾಣ್ಯ ಹೂಳುತ್ತಾರೆ. ಕುಡಿಯಲು ಏನಾದರೂ ತರುತ್ತೇನೆಂದು ಅಂಗಡಿಗೆ ಹೋದ ಸಾಸ್ಕಿಯಾ ಮರಳಿ ಬರುವುದಿಲ್ಲ. ಆ ಪಾತ್ರದಲ್ಲಿ ಯೊಹಾನಾ ಟೆರ್ ಸ್ಟೇಗೆ ಎಂಬ ನಟಿ ತೆರೆಯ ಮೇಲಿರುವುದೇ ಸ್ವಲ್ಪ ಹೊತ್ತು. ಅಷ್ಟರಲ್ಲೇ ನೋಡುವವರಿಗೆ ಅವಳ ಮೇಲೆ ಪ್ರೀತಿ ಹುಟ್ಟಬೇಕು, ಇಲ್ಲದಿದ್ದರೆ ವರ್ಷಗಳ ಕಾಲ ಹುಡುಕುವ ರೆಕ್ಸನ ಹುಚ್ಚು ನಮ್ಮದಾಗುವುದಿಲ್ಲ. ನನಗೆ ಆ ಪ್ರೀತಿ ಹುಟ್ಟಲಿಲ್ಲ. ಅಮೆರಿಕದ ಚಿತ್ರ ಆರಂಭವಾಗುವುದೇ ಅಪಹರಣಕಾರನ ತಾಲೀಮಿನಿಂದ. ಅದನ್ನು ಮೊದಲೇ ನೋಡಿದ್ದ ನಾನು, ಸಾಸ್ಕಿಯಾ ನಗುವಾಗ ಅವಳ ಮುಖ ಬಿಟ್ಟು ಹಿಂದೆ ಓಡಾಡುತ್ತಿದ್ದ ಗಂಡಸರನ್ನೇ ದಿಟ್ಟಿಸುತ್ತಿದ್ದೆ. ನಾಣ್ಯ ಹೂಳುವ ದೃಶ್ಯ ಬಂದಾಗಲೂ ‘ಇನ್ನೇನು ಮಾಯವಾಗುತ್ತಾಳೆ’ ಎಂದು ಕಾಯುತ್ತಿದ್ದೆ. ಆಮೇಲೆ ಎಷ್ಟು ಸಲ ನೋಡಿದರೂ ಮೊದಲ ನೋಟ ಮರಳಿ ಸಿಗಲಿಲ್ಲ.

ಕೊನೆಯೂ ಹಾಗೆಯೇ ಹಾಳಾಯಿತು. ರೀಮೇಕಿನಲ್ಲಿ ಅಂತ್ಯವನ್ನು ಬದಲಿಸಲಾಗಿದೆ. ಹೇಗೆ ಎಂದು ಹೇಳಿದರೆ ನಿಮಗೂ ಅದೇ ನಷ್ಟ, ಹೇಳುವುದಿಲ್ಲ. ಟಿಮ್ ಕ್ರಾಬೆಯವರ ಕಾದಂಬರಿಯಿಂದ ಬಂದ ಈ ಕಥೆ ಪೂರ್ತಿ ನಿಂತಿರುವುದು ಆ ಅಂತ್ಯದ ಮೇಲೆ. ಅದನ್ನು ತೆಗೆದರೆ ಉಳಿಯುವುದು ಮಾಮೂಲಿ ಥ್ರಿಲ್ಲರ್.

‘ನಿರ್ದೇಶಕರು ಒಬ್ಬರೇ’ ಎಂಬ ನಿಮ್ಮ ಆಧಾರವನ್ನೇ ನಾನು ಒಪ್ಪುವುದಿಲ್ಲ. ಆಸ್ಟ್ರಿಯಾದ ನಿರ್ದೇಶಕ ಮಿಖಾಯೆಲ್ ಹಾನೆಕೆ 1997ರ ತಮ್ಮ ಜರ್ಮನ್ ಚಿತ್ರ ‘ಫನ್ನಿ ಗೇಮ್ಸ್’ ಅನ್ನು 2007ರಲ್ಲಿ ನವೋಮಿ ವಾಟ್ಸ್, ಟಿಮ್ ರಾತ್ ಅವರೊಂದಿಗೆ ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಶಾಟ್‌ಗೆ ಶಾಟ್ ಮತ್ತೆ ತೆಗೆದರು. ಪ್ರೇಕ್ಷಕರಿಗೆ ನೆಮ್ಮದಿ ಕೊಡಲು ಅವರು ಎರಡನೇ ಸಲವೂ ಒಪ್ಪಲಿಲ್ಲ. ಅಲ್ಲಿ ಯಾವುದನ್ನು ಮೊದಲು ನೋಡಿದರೂ ನಡೆಯುತ್ತದೆ. ಸ್ಲೈಜರ್ ಅವರ ವಿಷಯದಲ್ಲಿ ನಡೆಯದು. ಪೋಸ್ಟರಿನ ಮೇಲೆ ಯಾರ ಹೆಸರಿದೆ ಎಂಬುದಕ್ಕಿಂತ ಅಂತ್ಯ ಉಳಿದಿದೆಯೇ ಎಂದು ವಿಚಾರಿಸಿ.

ಮೊದಲು ‘ಸ್ಪೋರ್‌ಲೋಸ್’ ನೋಡಿ. ಸಾರಾಂಶ ಓದಬೇಡಿ, ಟ್ರೇಲರ್ ಕೂಡ ಬೇಡ. ಸಬ್‌ಟೈಟಲ್ ಬಗ್ಗೆ ಚಿಂತೆ ಬಿಡಿ: ರೆಕ್ಸ್ ಬಂಕಿನಲ್ಲಿ ಕಂಡಕಂಡವರನ್ನೆಲ್ಲ ವಿಚಾರಿಸುತ್ತ ಅಲೆಯುವಾಗ ಅವನು ಏನು ಕೇಳುತ್ತಿದ್ದಾನೆಂದು ತಿಳಿಯಲು ಯಾವ ಭಾಷೆಯೂ ಬೇಕಾಗುವುದಿಲ್ಲ.